ನಿಮ್ಮ ಪ್ರಶ್ನೆಗೆ ಉತ್ತರ: ಕ್ರಿಸ್ಮಸ್ ಬಿಟ್ಟು ಪರ್ಣಶಾಲೆ ಹಬ್ಬ ಮಾಡ್ಬೇಕಾ?

ಈ ತಿಂಗಳು ಹಬ್ಬಗಳ ಬಗ್ಗೆ ಬಂದಿರೋ ಪತ್ರಗಳನ್ನೆಲ್ಲ ಒಟ್ಟಿಗೆ ತಗೊಂಡಿದ್ದೀನಿ. ಕೆಲವು ಪತ್ರ ಉದ್ದ ಇದ್ವು, ವಿಷಯ ಬಿಡದೆ ಚಿಕ್ಕದು ಮಾಡಿದ್ದೀನಿ.

ಪ್ರಶ್ನೆ: ವಂದನೆಗಳ್ರೀ. ನಮ್ಮ ಫೆಲೋಶಿಪ್‌ಗೆ ಈಗ ಒಬ್ಬ ಬ್ರದರ್ ಬರಾಕತ್ತಾರ. ಕ್ರಿಸ್ಮಸ್, ಈಸ್ಟರ್ ಎರಡೂ ರೋಮಿನವರ ಅನ್ಯದೇವರ ಹಬ್ಬ, ಬೈಬಲ್‌ದಾಗ ಇರೂದು ಯಾಜಕಕಾಂಡ 23ರ ಏಳು ಹಬ್ಬ ಅಷ್ಟ, ಅವನ್ನ ಮಾಡ್ಲಿಲ್ಲಂದ್ರ ದೇವರ ಆಜ್ಞಾ ಮುರಿದಂಗ ಅಂತ ಹೇಳ್ತಾರ. ನನ್ನ ತಮ್ಮ ಅದನ್ನ ನಂಬಿ ಹೋದ ಡಿಸೆಂಬರ್‌ದಾಗ ಅವ್ವ ಕರದ್ರೂ ಊಟಕ್ಕ ಬರ್ಲಿಲ್ಲ. ಮಾಳಗಿ ಮ್ಯಾಲ ತೆಂಗಿನ ಗರಿ ಕಟ್ಟಿ ಪರ್ಣಶಾಲೆ ಮಾಡ್ಯಾನ. ನಾವು ಇಷ್ಟು ವರ್ಷ ತಪ್ಪು ಮಾಡೇವೇನ್ರಿ? (ಗದಗ ಕಡೆಯ ಓದುಗರು)

ಉತ್ತರ: ಇಲ್ಲ ಸಹೋದರರೇ, ನೀವು ತಪ್ಪು ಮಾಡಿಲ್ಲ. ನಿಮ್ಮ ತಮ್ಮ ಗರಿ ಕಟ್ಟಿದ್ದೂ ತಪ್ಪಲ್ಲ. ಅವ್ವ ಕರೆದಾಗ ಊಟಕ್ಕೆ ಬರದೇ ಇದ್ದದ್ದು ಮಾತ್ರ ತಪ್ಪು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಮ್ಮನ್ನೂ ಕೂರಿಸ್ಕೊಂಡು ಓದಿ.

ಮೊದಲು ಯಾಜಕಕಾಂಡ 23 ಪೂರ್ತಿ ಓದಿ, ಬರೀ ಹಬ್ಬಗಳ ಹೆಸರಲ್ಲ, ಹೇಗೆ ಮಾಡ್ಬೇಕು ಅಂತ ಬರೆದಿದೆಯಲ್ಲ ಅದನ್ನ. ಪಸ್ಕ (ಐಗುಪ್ತದ ದಾಸತ್ವದಿಂದ ಬಿಡುಗಡೆ ಆದ ನೆನಪಿನ ಹಬ್ಬ), ಹುಳಿಯಿಲ್ಲದ ರೊಟ್ಟಿ, ಪ್ರಥಮಫಲದ ಸಿವುಡು, ಅದಾಗಿ 50ನೇ ದಿನಕ್ಕೆ ವಾರಗಳ ಹಬ್ಬ, ಆಮೇಲೆ ಏಳನೇ ತಿಂಗಳಲ್ಲಿ ತುತ್ತೂರಿ, ದೋಷಪರಿಹಾರಕ ದಿನ, ಪರ್ಣಶಾಲೆ (ಗರಿಯ ಗುಡಿಸಲಲ್ಲಿ ಇದ್ದು ಮಾಡೋ ಹಬ್ಬ). ಉದ್ದಕ್ಕೂ ಯಾಜಕರು, ಯಜ್ಞ, ಹೋಮ ಇದ್ದೇ ಇವೆ. ಧರ್ಮೋಪದೇಶಕಾಂಡ 16ರಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಿದೆ, ಪಸ್ಕದ ಕುರಿಯನ್ನ ನಿಮ್ಮ ನಿಮ್ಮ ಊರಲ್ಲಿ ಕೊಯ್ಯೋ ಹಾಗಿಲ್ಲ, ದೇವರು ಆರಿಸ್ಕೊಂಡ ಜಾಗದಲ್ಲೇ ಆಗ್ಬೇಕು, ವರ್ಷಕ್ಕೆ ಮೂರು ಸಲ ಗಂಡಸರೆಲ್ಲ ಅಲ್ಲಿಗೆ ಬರ್ಬೇಕು ಅಂತ. ಆ ಜಾಗ ಮುಂದೆ ಯೆರೂಸಲೇಮಿನ ದೇವಾಲಯ ಆಯ್ತು, ಆ ದೇವಾಲಯನ ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಸುಟ್ಟು ಕೆಡವಿತು. ಅವತ್ತಿಂದ ಈ ಅಧ್ಯಾಯನ ಬರೆದ ಹಾಗೇ ಆಚರಿಸೋಕೆ ಯೆಹೂದ್ಯರಿಗೇ ಆಗ್ತಿಲ್ಲ. ಪಸ್ಕದ ರಾತ್ರಿ ಅವರು ಮನೆಯಲ್ಲಿ ಮಾಡೋ ಸೇಡರ್ ಊಟದ ಕ್ರಮನ ದೇವಾಲಯ ಬಿದ್ದ ಮೇಲೆ ಅವರ ಧರ್ಮಗುರುಗಳಾದ ರಬ್ಬಿಗಳು ರೂಪಿಸಿದ್ದು, ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಅವರ ಬೋಧನೆಗಳ ಸಂಗ್ರಹ ಮಿಷ್ನಾದಲ್ಲಿ ಅದರ ಚೌಕಟ್ಟು ಸಿಗುತ್ತೆ. ಸಮಾರ್ಯದವರು ಮಾತ್ರ ಇವತ್ತಿಗೂ ಗೆರಿಜ್ಜೀಮ್ ಬೆಟ್ಟದ ಮೇಲೆ ಕುರಿ ಕೊಯ್ದು ಪಸ್ಕ ಮಾಡ್ತಾರೆ, ಅವರದ್ದು ಮೊದಲಿಂದಲೂ ಬೇರೆ ದಾರಿ. ಹಾಗಿದ್ಮೇಲೆ ಗದಗದಲ್ಲಿ ಕೂತು ಏಳೂ ಹಬ್ಬನ ಆಜ್ಞೆ ಪ್ರಕಾರ ಮಾಡ್ತಿದ್ದೀವಿ ಅನ್ನೋರು ನಿಜವಾಗಿ ಏನು ಮಾಡ್ತಿದ್ದಾರೆ? ಆಗೋದನ್ನ ಇಟ್ಕೊಂಡು, ಆಗದ್ದನ್ನ ಬಿಟ್ಟು, ದೇವರು ಮಾಡಿದ್ದನ್ನ ತಮ್ಮ ರೀತಿಯಲ್ಲಿ ನೆನಪು ಮಾಡ್ಕೊಳ್ತಿದ್ದಾರೆ. ಒಳ್ಳೇದೇ. ಆದ್ರೆ ಕ್ರಿಸ್ಮಸ್ ಮಾಡೋರು ಮಾಡ್ತಿರೋದೂ ಅದನ್ನೇ ಅಲ್ವಾ.

ಇನ್ನೊಂದು ಸಂಗತಿ ಹೊಲ ಇರೋ ನಿಮಗೆ ಬೇಗ ಅರ್ಥ ಆಗುತ್ತೆ. ಈ ಹಬ್ಬಗಳು ಕಾನಾನ್ ದೇಶದ ಬೇಸಾಯದ ಜೊತೆ ಹೆಣೆದುಕೊಂಡಿವೆ. ಪ್ರಥಮಫಲದ ಹೊತ್ತಿಗೆ ಅಲ್ಲಿ ಜವೆಗೋದಿ ಕೊಯ್ಲು, ವಾರಗಳ ಹಬ್ಬಕ್ಕೆ ಗೋದಿ ಕೊಯ್ಲು, ಪರ್ಣಶಾಲೆ ಹೊತ್ತಿಗೆ ಕಣದ ಕೆಲಸ, ದ್ರಾಕ್ಷಿ ಆಲೆಯ ಕೆಲಸ ಎಲ್ಲ ಮುಗಿದಿರುತ್ತೆ. ಅದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಿಮ್ಮ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತೋಕೆ ಕೂರಿಗೆ ಹೂಡಿರ್ತೀರಿ. ಬಿತ್ತನೆ ಮಧ್ಯೆ ಸುಗ್ಗಿ ಮುಗಿದ ಹಬ್ಬ ಮಾಡಲೇಬೇಕು ಅಂತ ಒಬ್ಬ ರೈತನ ಮೇಲೆ ಹೇರೋದು ನ್ಯಾಯಾನಾ? ನಮ್ಮ ಸಭೆಗಳ ಹಿರಿಯರು ಇದಕ್ಕೊಂದು ಚೆಂದದ ದಾರಿ ಮಾಡಿಟ್ಟಿದ್ದಾರೆ. ಕೆಲವು ಕಡೆ ಸುಗ್ಗಿ ಹಬ್ಬ ಅಂತಾರೆ, ಕೆಲವು ಕಡೆ ಬೆಳೆ ಹಬ್ಬ, ಪೇಟೆ ಚರ್ಚ್‌ಗಳಲ್ಲಿ ಹಾರ್ವೆಸ್ಟ್ ಅಂತಾನೇ ಹೇಳೋದು. ಜೋಳ, ಮೆಣಸಿನಕಾಯಿ, ಕುಂಬಳಕಾಯಿ, ಕೋಳಿ, ಮೊಟ್ಟೆ ಏನಿದೆಯೋ ಅದನ್ನ ತಂದು ಇಟ್ಟು, ಆರಾಧನೆ ಆದ್ಮೇಲೆ ಹರಾಜು ಹಾಕ್ತೀವಿ, ಒಂದು ನಿಂಬೆಹಣ್ಣಿಗೆ ಪೈಪೋಟಿ ಮೇಲೆ ರೇಟ್ ಏರುತ್ತೆ. ಪ್ರಥಮಫಲದ ತಿರುಳು ಪೂರ್ತಿ ಅದರಲ್ಲಿದೆ, ತಾರೀಖು ಮಾತ್ರ ನಮ್ಮ ಹೊಲದ್ದು.

ಈಗ ಹೊಸ ಒಡಂಬಡಿಕೆಗೆ ಬನ್ನಿ. ಯೆಹೂದ್ಯರಲ್ಲದವರು ಸಭೆಗೆ ಬಂದಾಗ ಅವರ ಮೇಲೆ ಏನೇನು ಹೊರಿಸ್ಬೇಕು ಅಂತ ಅಪೊಸ್ತಲರು ಯೆರೂಸಲೇಮಿನಲ್ಲಿ ಕೂತು ಚರ್ಚೆ ಮಾಡಿದ್ದು ಅಪೊಸ್ತಲರ ಕೃತ್ಯಗಳು 15ರಲ್ಲಿದೆ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಇವು ನಾಲ್ಕನ್ನ ಬಿಡಿ ಅಂತ ಪತ್ರ ಬರೆದ್ರು. ಹಬ್ಬಗಳ ಸುದ್ದಿನೇ ಅದರಲ್ಲಿಲ್ಲ. ಅಷ್ಟು ಮುಖ್ಯ ಆಗಿದ್ರೆ ಅವತ್ತು ಬಿಟ್ಬಿಡ್ತಿದ್ರಾ? ಹಾಗಂತ ಪೌಲ ಹಬ್ಬಗಳನ್ನ ತಳ್ಳಿ ಹಾಕಿದವನೂ ಅಲ್ಲ, ಪಂಚಾಶತ್ತಮದ (ವಾರಗಳ ಹಬ್ಬದ್ದೇ ಇನ್ನೊಂದು ಹೆಸರು) ಹೊತ್ತಿಗೆ ಯೆರೂಸಲೇಮಿನಲ್ಲಿರ್ಬೇಕು ಅಂತ ಅವಸರ ಮಾಡಿದ್ದು ಅದೇ ಪುಸ್ತಕದ 20ನೇ ಅಧ್ಯಾಯದಲ್ಲಿದೆ. ತಾನು ಮಾಡ್ತಿದ್ದ, ಆದ್ರೆ ಗಲಾತ್ಯದವರು ದಿನ, ತಿಂಗಳು, ವರ್ಷ ಅಂತ ಅದಕ್ಕೇ ಜೋತುಬಿದ್ದಾಗ ಅವರಿಗೋಸ್ಕರ ಪಟ್ಟ ಕಷ್ಟ ದಂಡ ಆಯ್ತೇನೋ ಅಂತ ಅತ್ತುಕೊಂಡ. ಕೊಲೊಸ್ಸೆಯವರಿಗೆ ಬರೆದಾಗ ಹಬ್ಬ, ಅಮಾವಾಸ್ಯೆ, ಸಬ್ಬತ್ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ, ಅವೆಲ್ಲ ನೆರಳು, ನಿಜರೂಪ ಕ್ರಿಸ್ತನು ಅಂದ. ಕೆಲವು ಬೋಧಕರು ಈ ವಾಕ್ಯನ ತಿರುಗಿಸಿ, ಹಬ್ಬ ಮಾಡೋರಿಗೆ ಯಾರೂ ತೀರ್ಪು ಮಾಡ್ಬಾರ್ದು ಅಂತ ಇದರರ್ಥ ಅಂತಾರೆ. ಸರಿ, ಹಾಗೇ ಇಟ್ಕೊಳ್ಳೋಣ, ಆಗಲೂ ತೀರ್ಪು ಮಾಡೋದು ನಿಲ್ಲಲೇಬೇಕು. ಆ ಬ್ರದರ್ ಜೆಕರ್ಯ 14 ತೆಗೆದು ಎಲ್ಲ ಜನಾಂಗದವರೂ ಪರ್ಣಶಾಲೆ ಹಬ್ಬಕ್ಕೆ ಬರ್ತಾರೆ ಅಂತ ಇದೆಯಲ್ಲ ಅಂತಲೂ ಕೇಳಬಹುದು. ಇದೆ. ಕರ್ತನು ರಾಜನಾಗಿ ಆಳೋ ದಿನದ ದರ್ಶನ ಅದು, ಇವತ್ತಿನ ಸಭೆಗೆ ಹಾಕಿದ ಕಟ್ಟಳೆ ಅಲ್ಲ.

ಕ್ರಿಸ್ಮಸ್ ಬಗ್ಗೆ ಇಷ್ಟು ಹೇಳ್ತೀನಿ. ಡಿಸೆಂಬರ್ 25 ಅನ್ನೋದು ಬೈಬಲ್‌ನಲ್ಲಿಲ್ಲ, ಅದನ್ನ ಮುಚ್ಚಿಡೋದು ಬೇಡ. ರೋಮ್‌ನಲ್ಲಿ 354ರಲ್ಲಿ ಸಿದ್ಧವಾದ ಒಂದು ಕ್ಯಾಲೆಂಡರ್ ಪುಸ್ತಕದಲ್ಲಿ ಆ ತಾರೀಖು ಕ್ರಿಸ್ತನ ಜನನ ಅಂತ ಸಿಗುತ್ತೆ, ಅದರಲ್ಲಿರೋ ಪಟ್ಟಿ 336ರ ಕಾಲದ್ದು. ಸೂರ್ಯದೇವರ ಹಬ್ಬನೇ ಕ್ರಿಸ್ಮಸ್ ಆಯ್ತು ಅನ್ನೋರು ಚಕ್ರವರ್ತಿ ಅವ್ರೇಲಿಯನ್ 274ರಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದ್ದನ್ನ ತೋರಿಸ್ತಾರೆ, ಆದ್ರೆ ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬ ಅಂತ ಸ್ಪಷ್ಟವಾಗಿ ಸಿಗೋದೂ ಅದೇ 354ರ ಪುಸ್ತಕದಲ್ಲೇ. ಯಾರು ಯಾರಿಂದ ತಗೊಂಡ್ರು ಅಂತ ವಿದ್ವಾಂಸರು ಇವತ್ತಿಗೂ ವಾದ ಮಾಡ್ತಿದ್ದಾರೆ. ಮಾರ್ಚ್ 25ಕ್ಕೆ ಮರಿಯಳು ಗರ್ಭವತಿ ಆದಳು ಅಂತ ಲೆಕ್ಕ ಹಾಕಿ ಒಂಬತ್ತು ತಿಂಗಳು ಕೂಡಿಸಿದ್ರು ಅನ್ನೋ ವಾದನೂ ಗಟ್ಟಿಯಾಗಿದೆ. ಕ್ರಿಸ್ಮಸ್ ಬೇಡ ಅನ್ನೋದೂ ಹೊಸ ಮಾತಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್, ಈಸ್ಟರ್ ಎರಡನ್ನೂ ತೆಗೆದುಹಾಕಿತ್ತು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಇತ್ತು, ಸ್ಕಾಟ್ಲೆಂಡಿನಲ್ಲಿ 1958ರವರೆಗೂ ಅದು ಸರ್ಕಾರಿ ರಜೆನೇ ಆಗಿರ್ಲಿಲ್ಲ. ಅವರೂ ಭಯಭಕ್ತಿ ಇದ್ದ ಜನಾನೇ. ಕ್ರಿಸ್ಮಸ್ ಮಾಡದೇ ಇರೋಕೆ ನಿಮ್ಮ ತಮ್ಮನಿಗೆ ಪೂರ್ತಿ ಸ್ವಾತಂತ್ರ್ಯ ಇದೆ. ಅವ್ವ ಮಾಡಿದ್ದನ್ನ ಅನ್ಯದೇವರ ಪೂಜೆ ಅನ್ನೋಕೆ ಇಲ್ಲ.

ನಿಮ್ಮ ತಮ್ಮನಿಗೆ ಇದೊಂದನ್ನ ತಪ್ಪದೆ ಓದಿ ಹೇಳಿ. ಸುಮಾರು 155ರಲ್ಲಿ ಸ್ಮುರ್ನದ ಮುದಿ ಬಿಷಪ್ ಪಾಲಿಕಾರ್ಪ್ ರೋಮ್‌ಗೆ ಬಂದ. ಏಷ್ಯಾ ಸೀಮೆಯವರು, ಅಂದ್ರೆ ಸ್ಮುರ್ನ ಇರೋ ಇವತ್ತಿನ ಟರ್ಕಿ ಕಡೆಯ ಕ್ರೈಸ್ತರು, ಪಸ್ಕನ ಯೆಹೂದ್ಯರ ಲೆಕ್ಕದಂತೆ ಮೊದಲ ತಿಂಗಳ 14ನೇ ದಿನ ಮಾಡ್ತಿದ್ರು, ವಾರ ಯಾವುದಾದ್ರೂ ಸರಿ. ರೋಮ್‌ನವರು ಭಾನುವಾರನೇ ಆಗ್ಬೇಕು ಅಂತಿದ್ರು. ಪಾಲಿಕಾರ್ಪ್, ಯೇಸುವಿನ ಶಿಷ್ಯ ಯೋಹಾನನ ಜೊತೆ ನಾವು ಹೀಗೇ ಮಾಡ್ತಿದ್ವಿ ಅಂದ. ರೋಮಿನ ಬಿಷಪ್ ಅನಿಸೇಟಸ್, ನಮ್ಮ ಹಿರಿಯರು ಹೀಗೆ ಕಲಿಸಿದ್ದಾರೆ ಅಂದ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸೋಕೆ ಆಗ್ಲಿಲ್ಲ. ಆಮೇಲೆ ಅನಿಸೇಟಸ್ ತನ್ನ ಸಭೆಯಲ್ಲಿ ಕರ್ತನ ಭೋಜನ ನಡೆಸೋ ಗೌರವನ ಪಾಲಿಕಾರ್ಪನಿಗೇ ಬಿಟ್ಟುಕೊಟ್ಟ, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡ್ರು. 190ರ ಸುಮಾರಿಗೆ ಇನ್ನೊಬ್ಬ ಬಿಷಪ್ ವಿಕ್ಟರ್ ಇದೇ ಕಾರಣಕ್ಕೆ ಏಷ್ಯಾದ ಸಭೆಗಳನ್ನೇ ಹೊರಗಿಡೋಕೆ ಹೊರಟಾಗ ಲಿಯೋನ್‌ನ ಐರೇನಿಯಸ್ ಈ ಪಾಲಿಕಾರ್ಪ್ ಸಂಗತಿನ ನೆನಪಿಸಿ ಅವನನ್ನ ತಡೆದ. ದಿನದ ವಿಷಯದಲ್ಲಿ ಒಪ್ಪದೇ ಇದ್ದವರು ಊಟದಲ್ಲಿ ಜೊತೆಯಾದ್ರು, ನನಗೆ ಸಭೆಯ ಇತಿಹಾಸದಲ್ಲಿ ಇದಕ್ಕಿಂತ ಪ್ರೀತಿಯ ಪುಟ ಇಲ್ಲ.

ಮುಂದಿನ ಸಲ ತಮ್ಮ ಗರಿ ಕಟ್ಟಿದಾಗ ಅವ್ವನ್ನ ಕರ್ಕೊಂಡು ನೀವೇ ಮಾಳಿಗೆ ಹತ್ತಿ, ರೊಟ್ಟಿ-ಪಲ್ಯ ತಗೊಂಡು ಹೋಗಿ, ಯೋಹಾನ 7 ಓದಿಸಿ, ಯೇಸು ಜೀವಜಲದ ಮಾತು ಹೇಳಿದ್ದು ಆ ಹಬ್ಬದ ಕೊನೇ ದಿನವೇ. ಡಿಸೆಂಬರ್‌ನಲ್ಲಿ ಅವನನ್ನ ಹಬ್ಬ ಅನ್ನದೆ ಅವ್ವನ ಊಟ ಅಂತ ಕರೀರಿ.

ಪ್ರಶ್ನೆ: 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, ಯೆಹೂದ್ಯರ ಪಸ್ಕ ಏಪ್ರಿಲ್ 22ರ ಸಂಜೆ ಶುರುವಾಯ್ತು. ಪಸ್ಕ ಬರೋ ಮೊದ್ಲೇ ಯೇಸು ಎದ್ದು ಬಂದ ಹಾಗಾಯ್ತಲ್ಲ, ಇದೇನು ಲೆಕ್ಕ? (ಶಿವಮೊಗ್ಗ)

ಉತ್ತರ: ಎರಡು ಬೇರೆ ಬೇರೆ ಲೆಕ್ಕ, ಅಷ್ಟೇ. 325ರ ನಿಕೇಯ ಸಭೆಯಲ್ಲಿ ಎಲ್ಲರೂ ಒಂದೇ ಭಾನುವಾರ ಮಾಡೋಣ ಅಂತ ತೀರ್ಮಾನ ಆಯ್ತು. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರೋ ಮೊದಲ ಹುಣ್ಣಿಮೆ ಆದ್ಮೇಲಿನ ಭಾನುವಾರ ಈಸ್ಟರ್ ಅನ್ನೋ ಸೂತ್ರ ಹೀಗೆ ನೆಲೆಗೊಂಡಿತು. ಯೆಹೂದ್ಯರ ಪಂಚಾಂಗ ನಮ್ಮ ಚಾಂದ್ರಮಾನ ಪಂಚಾಂಗದ ಥರಾನೇ, ಋತು ತಪ್ಪಬಾರ್ದು ಅಂತ 19 ವರ್ಷದಲ್ಲಿ 7 ಸಲ ಅಧಿಕ ಮಾಸ ಸೇರಿಸ್ತಾರೆ, 2024ರಲ್ಲಿ ಅದು ಸೇರಿತ್ತು, ಅದಕ್ಕೆ ಅವರ ಪಸ್ಕ ಮುಂದಕ್ಕೆ ಹೋಯ್ತು. 2025ರಲ್ಲಿ ನೋಡಿ, ಪಸ್ಕ ಏಪ್ರಿಲ್ 12ರ ಸಂಜೆ, ಈಸ್ಟರ್ 20ಕ್ಕೆ.

ಪ್ರಶ್ನೆ: ನಮ್ಮ ಪಾಸ್ಟರ್ ಬರ್ತ್‌ಡೇ ಕೇಕ್ ಕಟ್ ಮಾಡೋದು ಫರೋಹ, ಹೆರೋದ ಮಾಡಿದ ಕೆಲಸ ಅಂತಾರೆ. ಮದರ್ಸ್ ಡೇಗೆ ಅಮ್ಮನ ಜೊತೆ ಫೋಟೋ ಹಾಕಿದ್ದಕ್ಕೂ ಲೋಕದ ಹಬ್ಬ ಅಂತ ಯೂತ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಹೇಳಿದ್ರು. ತುಂಬಾ ಬೇಜಾರಾಯ್ತು. (ಬೆಂಗಳೂರಿನ ಓದುಗಿ)

ಉತ್ತರ: ತಂಗಿ, ಅಮ್ಮನ ಜೊತೆ ಫೋಟೋ ಹಾಕಿದ್ದಕ್ಕೆ ಎಲ್ಲರ ಮುಂದೆ ನಿನ್ನನ್ನ ತಲೆ ತಗ್ಗಿಸೋ ಹಾಗೆ ಮಾಡಿದ್ದು ಸರಿಯಲ್ಲ. ಮದರ್ಸ್ ಡೇ ಶುರುವಾದದ್ದು ಚರ್ಚ್‌ನಲ್ಲೇ. ಆನ್ ಜಾರ್ವಿಸ್ ಅಂತ ಒಬ್ಬ ಸಂಡೆ ಸ್ಕೂಲ್ ಟೀಚರ್ 1905ರಲ್ಲಿ ತೀರ್ಕೊಂಡ್ರು, ಅವರ ನೆನಪಿಗೆ ಮಗಳು ಆನಾ 1908ರ ಮೇ 10ರಂದು ಅಮೆರಿಕದ ಗ್ರಾಫ್ಟನ್ ಊರಿನ ಮೆಥಡಿಸ್ಟ್ ಚರ್ಚ್‌ನಲ್ಲಿ ಆರಾಧನೆ ಏರ್ಪಡಿಸಿ, ಅಮ್ಮನಿಗೆ ಇಷ್ಟ ಅಂತ ಬಿಳಿ ಕಾರ್ನೇಶನ್ ಹೂಗಳನ್ನ ಕಳಿಸಿಕೊಟ್ಟಳು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನ ದೇಶಕ್ಕೆಲ್ಲ ಘೋಷಿಸಿದ್ರು. ಆಮೇಲೆ ಹೂವಿನ ಅಂಗಡಿಯವರು, ಕಾರ್ಡ್ ಕಂಪನಿಯವರು ಅದನ್ನ ವ್ಯಾಪಾರ ಮಾಡ್ಕೊಂಡಾಗ ಅದೇ ಆನಾ ಅದರ ವಿರುದ್ಧ ಕೊನೆವರೆಗೂ ಹೋರಾಡಿದಳು. ನಿನ್ನ ಪಾಸ್ಟರ್ ವ್ಯಾಪಾರದ ಬಗ್ಗೆ ಎಚ್ಚರಿಸಿದ್ರೆ ಅವರ ಜೊತೆ ನಾನೂ ಇದ್ದೀನಿ, ತಾಯಿನ ಸನ್ಮಾನಿಸು ಅನ್ನೋದು ಮಾತ್ರ ಹತ್ತು ಆಜ್ಞೆಗಳಲ್ಲೇ ಇದೆ.

ಬರ್ತ್‌ಡೇ ವಿಷಯ. ಫರೋಹ ಅವತ್ತು ಒಬ್ಬನನ್ನ ಗಲ್ಲಿಗೇರಿಸಿದ, ಹೆರೋದ ಸ್ನಾನಿಕ ಯೋಹಾನನ ತಲೆ ತೆಗೆಸಿದ, ಪಾಪ ಆ ಕೊಲೆಯಲ್ಲಿದೆ, ಹುಟ್ಟಿದ ದಿನದಲ್ಲಿಲ್ಲ. ಅದೇ ಯೋಹಾನ ಹುಟ್ಟಿದಾಗ ಬಹಳ ಜನ ಸಂತೋಷಪಡ್ತಾರೆ ಅಂತ ದೇವದೂತನೇ ಲೂಕ 1ರಲ್ಲಿ ಹೇಳ್ತಾನೆ. ಕೇಕ್ ಕಟ್ ಮಾಡು, ಮುಖಕ್ಕೆ ಬಳಿದು ವೇಸ್ಟ್ ಮಾಡೋದು ಬೇಡ, ಅದು ಅನ್ನ. ಫೆಬ್ರವರಿ 14ರ ಬಗ್ಗೆ ನೀನು ಕೇಳಿಲ್ಲ, ಬೇರೆಯವರು ಕೇಳಿದ್ದಾರೆ, ಆ ಸಂತ ವ್ಯಾಲೆಂಟೈನ್ ಸ್ಮರಣೆನ ಕಥೋಲಿಕ ಸಭೆನೇ 1969ರಲ್ಲಿ ತನ್ನ ಸಾಮಾನ್ಯ ಕ್ಯಾಲೆಂಡರ್‌ನಿಂದ ತೆಗೆದಿದೆ, ಹಾಗಾಗಿ ಅದಕ್ಕೆ ದೈವಿಕ ಬಣ್ಣ ಹಚ್ಚೋದು ಬೇಡ. ಮದುವೆಯಾದವರು ಅವತ್ತು ಹೆಂಡತಿಗೆ ಮಲ್ಲಿಗೆ ತಂದುಕೊಟ್ರೆ ನಾನು ಖುಷಿಪಡ್ತೀನಿ.

ಪ್ರಶ್ನೆ: ನಾನು ಸರ್ಕಾರಿ ಪ್ರೈಮರಿ ಶಾಲೆ ಮೇಷ್ಟ್ರು. ಆಗಸ್ಟ್ 15, ನವೆಂಬರ್ 1 ಎರಡನ್ನೂ ಖುಷಿಯಿಂದ ಮಾಡ್ತೀನಿ, ಆದ್ರೆ ರಾಜ್ಯೋತ್ಸವದ ದಿನ ಭುವನೇಶ್ವರಿ ಫೋಟೋಗೆ ಪೂಜೆ ಇರುತ್ತೆ. ನಮ್ಮ ಸಭೆಯ ಕೆಲವರು ಧ್ವಜಕ್ಕೆ ಸೆಲ್ಯೂಟ್ ಹೊಡೆಯೋದೂ ವಿಗ್ರಹಾರಾಧನೆ ಅಂತಾರೆ. (ಹಾವೇರಿ ಜಿಲ್ಲೆ)

ಉತ್ತರ: ಮೇಷ್ಟ್ರೇ, ಸೆಲ್ಯೂಟ್ ಗೌರವ, ಪೂಜೆ ಅಲ್ಲ. ಯಾಜಕಕಾಂಡ 23ರಲ್ಲಿ ಇಲ್ಲದ ರಾಷ್ಟ್ರೀಯ ಹಬ್ಬಗಳು ಬೈಬಲ್‌ನಲ್ಲೇ ಇವೆ. ಪೂರೀಮ್ ಎಸ್ತೇರಳ ಕಾಲದಲ್ಲಿ ಜನ ಉಳ್ಕೊಂಡ ನೆನಪಿಗೆ ಮಾಡಿದ್ದು, ಎಸ್ತೇರಳು 9ರಲ್ಲಿ ಊಟ, ಉಡುಗೊರೆ, ಬಡವರಿಗೆ ದಾನ ಎಲ್ಲ ಬರೆದಿದೆ. ದೇವಾಲಯದ ಪ್ರತಿಷ್ಠೆಯ ಹಬ್ಬ, ದೇವಾಲಯನ ಅನ್ಯರ ಕೈಯಿಂದ ಬಿಡಿಸ್ಕೊಂಡ ಮಕ್ಕಬಿಯರ ಕಾಲದ್ದು, ಮೋಶೆ ಹೇಳಿದ್ದಲ್ಲ, ಆದ್ರೂ ಆ ಹಬ್ಬದ ಚಳಿಗಾಲದಲ್ಲಿ ಯೇಸು ಸೊಲೊಮೋನನ ಮಂಟಪದಲ್ಲಿ ತಿರುಗಾಡ್ತಿದ್ದ ಅಂತ ಯೋಹಾನ 10 ಹೇಳುತ್ತೆ, ಯಾಕೆ ಮಾಡ್ತೀರಿ ಅಂತ ಅವನು ಯಾರನ್ನೂ ಗದರಲಿಲ್ಲ. ಒಂದು ಜನ ಬಿಡುಗಡೆ ಆದ ದಿನನ ನೆನೆಯೋದು ಅವನಿಗೆ ಅಡ್ಡಿ ಅನಿಸ್ಲಿಲ್ಲ. ಆಗಸ್ಟ್ 15 ಕಥೋಲಿಕರಿಗೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬನೂ ಹೌದು, ಪೂಜೆ ಆದ್ಮೇಲೆ ಚರ್ಚ್ ಅಂಗಳದಲ್ಲೇ ಧ್ವಜ ಹಾರಿಸ್ತಾರೆ. ನವೆಂಬರ್ 1 ಸಕಲ ಸಂತರ ದಿನ. ಕನ್ನಡ ಹಬ್ಬದಲ್ಲಿ ನಮಗೂ ಹಕ್ಕಿದೆ, ಮೊದಲ ಕನ್ನಡ ಪತ್ರಿಕೆ 1843ರಲ್ಲಿ ಮೋಗ್ಲಿಂಗ್ ಮಂಗಳೂರಲ್ಲಿ ತಂದದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಬಂದದ್ದು, ಮಕ್ಕಳಿಗೆ ಭಾಷಣದಲ್ಲಿ ಇದನ್ನ ಹೇಳಿ.

ಪೂಜೆ ವಿಷಯದಲ್ಲಿ ನನ್ನ ಸಲಹೆ: ಒಂದು ವಾರ ಮುಂಚೆನೇ ಹೆಡ್ ಮಾಸ್ಟರ್ ಹತ್ರ ಹೋಗಿ ಮೆತ್ತಗೆ ಹೇಳಿ, ಸರ್, ನಾನು ಆರತಿ ಎತ್ತೋದಿಲ್ಲ, ತೋರಣ ಕಟ್ಟೋದು, ಮೆರವಣಿಗೆ, ಮಕ್ಕಳ ನಾಟಕ ಎಲ್ಲ ನಂಗೆ ಕೊಡಿ ಅಂತ. ಪೂಜೆ ನಡೀವಾಗ ಮರ್ಯಾದೆಯಿಂದ ನಿಂತಿರಿ, ಮುಖ ಸಿಂಡರಿಸ್ಬೇಡಿ, ನಾಡಗೀತೆಗೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ. ಅರಾಮ್ಯರ ಸೇನಾಪತಿ ನಾಮಾನ ತನ್ನ ಯಜಮಾನನ ಜೊತೆ ಅನ್ಯದೇವರು ರಿಮ್ಮೋನನ ಗುಡಿಗೆ ಹೋಗ್ಬೇಕಾದ ಕಷ್ಟನ ಹೇಳ್ಕೊಂಡಾಗ ಪ್ರವಾದಿ ಎಲೀಷ ಅವನಿಗೆ ಸಮಾಧಾನದಿಂದ ಹೋಗು ಅಂದ, ಕೆಲಸದ ಜಾಗದ ಇಕ್ಕಟ್ಟು ದೇವರಿಗೆ ಗೊತ್ತು. ಕಾನೂನು ಕೂಡ ನಿಮ್ಮ ಜೊತೆಗಿದೆ, ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಕುಟುಂಬದ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತ್ರೂ ಹಾಡಲ್ಲ ಅಂದಿದ್ದಕ್ಕೆ ಶಾಲೆಯಿಂದ ತೆಗೆದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ವಾಪಸ್ ಸೇರಿಸ್ಕೊಳ್ಳಿ ಅಂತ ಹೇಳಿತು. ನಾನು ರಾಷ್ಟ್ರಗೀತೆ ಹಾಡ್ತೀನಿ, ನೀವೂ ಹಾಡಿ, ಆದ್ರೆ ಹಾಡದವರ ಮನಸ್ಸಾಕ್ಷಿನ ಕೋರ್ಟೇ ಕಾಪಾಡಿದೆ ಅನ್ನೋದು ನೆನಪಿರಲಿ.

ಪ್ರಶ್ನೆ: ನಾವು ಕಥೋಲಿಕರು. ಮಗನಿಗೆ ಬೇರೆ ಸಭೆಯ ಹುಡುಗಿಯನ್ನು ತಂದದ್ದು. ಸೆಪ್ಟೆಂಬರ್ 8ರ ತೆನೆ ಹಬ್ಬದ ಹೊಸ ಅಕ್ಕಿ ಊಟ ನಂಗೆ ಬೇಡ, ಬೈಬಲಿನಲ್ಲಿ ಮರಿಯಮ್ಮನ ಹುಟ್ಟುಹಬ್ಬ ಎಲ್ಲಿ ಉಂಟು ಅಂತ ಕೇಳ್ತಾಳೆ. ಎಂತ ಹೇಳುವುದು? (ಬಂಟ್ವಾಳ)

ಉತ್ತರ: ಅಮ್ಮಾ, ಅವಳು ಕೇಳಿದ್ದು ನಿಜ, ಬೈಬಲ್‌ನಲ್ಲಿ ಇಲ್ಲ. ಮರಿಯಮ್ಮನವರ ಗೌರವದ ವಿಷಯದಲ್ಲಿ ನಿಮಗೂ ಅವಳ ಸಭೆಗೂ ಇರೋ ವ್ಯತ್ಯಾಸ ಒಂದು ಊಟದಲ್ಲಿ ಬಗೆಹರಿಯಲ್ಲ, ಅದನ್ನ ಬಗೆಹರಿಸೋಕೆ ಹೋಗ್ಬೇಡಿ. ಆದ್ರೆ ನಿಮ್ಮ ಹಬ್ಬದಲ್ಲಿ ಎರಡು ಎಳೆ ಇದೆ, ಒಂದು ಮರಿಯಮ್ಮನವರ ಜನನ, ಇನ್ನೊಂದು ಹೊಸ ತೆನೆ. ನಿಮ್ಮ ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಲ್ಲಿ 1763ರಲ್ಲಿ ಫಾದರ್ ಜೊವಾಕಿಮ್ ಮಿರಾಂದ ಇದನ್ನ ಶುರುಮಾಡಿದ್ರು ಅಂತ ಹೇಳ್ಕೊಂಡು ಬಂದಿದ್ದಾರೆ. ಮಕ್ಕಳು ಒಂಬತ್ತು ದಿನ ಹೂ ತರೋದು, ಆಶೀರ್ವಾದ ಆದ ತೆನೆನ ಮನೆಗೆ ತಂದು ಹೊಸ ಅಕ್ಕಿನ ಹಾಲಲ್ಲಿ ಹಾಕಿ ಎಲ್ಲರಿಗೂ ಕೊಡೋದು, ಮೀನು-ಮಾಂಸ ಇಲ್ಲದೆ ಮೂರೋ ಐದೋ ಏಳೋ ಬಗೆ ತರಕಾರಿ ಪದಾರ್ಥ ಮಾಡಿ ಬಾಳೆಎಲೆ ಮೇಲೆ ಇಡೀ ಮನೆಯವರು ಒಟ್ಟಿಗೆ ಉಣ್ಣೋದು, ಪ್ರಥಮಫಲನ ಇಷ್ಟು ಮನಸ್ಸಿಟ್ಟು ಮಾಡೋ ಜನ ಕಮ್ಮಿ. ಸೊಸೆಗೆ ಹೇಳಿ, ಮಗಾ, ನೊವೇನಕ್ಕೆ (ಒಂಬತ್ತು ದಿನದ ಪ್ರಾರ್ಥನೆಗೆ) ಬರೋದು ಬಿಡೋದು ನಿನಗೆ ಬಿಟ್ಟದ್ದು, ಈ ತೆನೆ ಕೊಟ್ಟವನು ನಿನ್ನ ದೇವರೂ ಹೌದು, ಊಟಕ್ಕೆ ಮುಂಚೆ ಸ್ತೋತ್ರದ ಪ್ರಾರ್ಥನೆ ನೀನೇ ಮಾಡು ಅಂತ. ಪ್ರಾರ್ಥನೆ ಅವಳ ಬಾಯಿಂದಲೇ ಬಂದ್ರೆ ಎಲೆ ಮುಂದೆ ಕೂರೋದು ಅವಳಿಗೂ ಸುಲಭ.

ಪ್ರಶ್ನೆ: ಡಿಸೆಂಬರ್ 31ರ ರಾತ್ರಿ ಚರ್ಚ್‌ನಲ್ಲಿ ವಾಗ್ದಾನ ಕಾರ್ಡ್ (ಬೈಬಲ್ ವಾಕ್ಯ ಬರೆದ ಚೀಟಿ) ಎತ್ತೋದು ಸರಿನಾ? ಒಂಥರಾ ಭವಿಷ್ಯ ಕೇಳಿದ ಹಾಗೆ ಅನಿಸುತ್ತೆ. (ಮೈಸೂರು)

ಉತ್ತರ: ವರ್ಷದ ಕೊನೆ ರಾತ್ರಿ ಚರ್ಚ್‌ನಲ್ಲಿ ಕೂತು ಪ್ರಾರ್ಥಿಸೋ ಪದ್ಧತಿ 18ನೇ ಶತಮಾನದ ಮೊರೇವಿಯನ್ನರು, ಮೆಥಡಿಸ್ಟರು ಅನ್ನೋ ಪ್ರೊಟೆಸ್ಟಂಟ್ ಪಂಗಡಗಳಿಂದ ಬಂದದ್ದು, ತುಂಬಾ ಒಳ್ಳೇದು. ಕಾರ್ಡ್ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗೇ ಇದೆ. ಒಂದು ವಾಕ್ಯನ ಅದರ ಅಧ್ಯಾಯದಿಂದ ಕಿತ್ತು, ಈ ವರ್ಷ ನನಗೆ ಮನೆ ಆಗುತ್ತೆ, ಮದುವೆ ಆಗುತ್ತೆ ಅಂತ ಓದೋದು ವಾಕ್ಯಕ್ಕೂ ಮರ್ಯಾದೆ ಅಲ್ಲ, ಮಾರ್ಚ್ ಹೊತ್ತಿಗೆ ಆಸ್ಪತ್ರೆ ಸೇರಿದವರ ನಂಬಿಕೆಗೂ ಅದರಿಂದ ಪೆಟ್ಟು. ಎತ್ತಲೇಬೇಕು ಅಂದ್ರೆ ಎತ್ತಿ, ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದಿ, ಅದನ್ನ ಯಾರು ಯಾರಿಗೆ ಹೇಳಿದ್ದು, ಎಂಥ ಕಷ್ಟದಲ್ಲಿದ್ದವರಿಗೆ ಹೇಳಿದ್ದು ಅಂತ ನೋಡಿ.